‘ಲರ್ನಿಂಗ್ ಕರ್ವ್’ಗೆ ಕನ್ನಡ ಪದ ಬೇಕು, ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಊರಲ್ಲಿ ಡಾಕ್ಟರುಗಳಿಗೆ ಒಂದು ತರಬೇತಿ ಇದೆ. ತಲೆಬುರುಡೆಯನ್ನು ದೊಡ್ಡದಾಗಿ ತೆರೆಯದೆ, ಮೂಗಿನ ಮೂಲಕವೋ ಸಣ್ಣ ತೂತಿನ ಮೂಲಕವೋ ಮಿದುಳಿನ ಗಡ್ಡೆ ತೆಗೆಯುವುದರ ಬಗ್ಗೆ. ಗೇಟಿಗೆ ಹಾಕುವ ಫ್ಲೆಕ್ಸ್ ಕನ್ನಡದಲ್ಲೇ ಇರಬೇಕಂತೆ. ಬರೆಯುವ ಕೆಲಸ ನನಗೆ ಬಿತ್ತು. ‘ಕೀಹೋಲ್ ಸರ್ಜರಿ’ಗೆ ‘ಕಿಂಡಿ ಶಸ್ತ್ರಚಿಕಿತ್ಸೆ’ ಅನ್ನಬಹುದಾ? ‘ಲರ್ನಿಂಗ್ ಕರ್ವ್’ಗೆ ‘ಕಲಿಕಾ ವಕ್ರರೇಖೆ’ ಅಂತ ಬರೆದೆ. ನನಗೇ ನಗು ಬಂತು. ಆರು ಗಂಟೆಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.
— ಅನುವಾದಕಿ, ಚಿತ್ರದುರ್ಗ

ಮರು: ಕಿಂಡಿ ಬೇಡ. ನಿಮ್ಮ ಊರಲ್ಲಿ ಕಿಂಡಿ ಅಂದರೆ ಓಬವ್ವನ ಕಿಂಡಿ. ತೂರಿ ಬಂದವನ ತಲೆಗೆ ಒನಕೆ ಏಟು. ಅದನ್ನೇ ಆಸ್ಪತ್ರೆ ಗೇಟಿಗೆ ಹಾಕ್ತೀರಾ? ‘ಕಲಿಕೆ’ಯೂ ಬೇಡ. ‘ನನ್ನ ತಲೆ ಮೇಲೆ ಕಲೀತಾರಾ’ ಅಂತ ಪೇಷೆಂಟು ಬಸ್ಸು ಹತ್ತುತ್ತಾನೆ.
— ಪ್ರೂಫ್ ನೋಡುವವನು, ದಾವಣಗೆರೆ

ಮರು: ಮೇಡಂ, ನಾನು ಇದೇ ಕೆಲಸದವನು. ‘ಕರ್ವ್’ ಅನ್ನುವುದು ಬರೀ ಗ್ರಾಫಿನ ಗೆರೆ. ಮೊದಮೊದಲು ಆಪರೇಷನ್‌ಗೆ ಜಾಸ್ತಿ ಹೊತ್ತು ಬೇಕು, ಮಿದುಳಿನ ಸುತ್ತಲಿನ ನೀರು ಮೂಗಿನಿಂದ ಸೋರುವುದೂ ಜಾಸ್ತಿ. ಮಾಡ್ತಾ ಮಾಡ್ತಾ ಎರಡೂ ಇಳಿಯುತ್ತವೆ. ಅಷ್ಟೇ. ಪೇಷೆಂಟಿನ ಹತ್ತಿರ ಬರುವ ಮುಂಚೆ ಏನು ಮಾಡ್ತೀವಿ ಗೊತ್ತಾ? ಹಸಿ ಮೊಟ್ಟೆಯ ಚಿಪ್ಪನ್ನು ಡ್ರಿಲ್‌ನಿಂದ ಸವೆಸಬೇಕು, ಒಳಗಿನ ತೆಳು ಪೊರೆ ಹರಿಯಬಾರದು. ಕೋಳಿ ರೆಕ್ಕೆಯ ಒಂದು ಮಿಲಿಮೀಟರ್ ರಕ್ತನಾಳವನ್ನು ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯಬೇಕು. ಆಮೇಲೆ ದಾನವಾಗಿ ಬಂದ ದೇಹದ ಮೇಲೆ. ಒಳಗೆ ತೂರಿಸುವ ಕ್ಯಾಮೆರಾ ಕೊಳವೆ, ಅಂದರೆ ಎಂಡೋಸ್ಕೋಪ್, ನಾಲ್ಕು ಮಿಲಿಮೀಟರ್ ದಪ್ಪ. ಟಿವಿಯಲ್ಲಿ ಕಾಣುವ ಚಿತ್ರಕ್ಕೆ ಆಳವೇ ಇಲ್ಲ. ಆಳ ಎಷ್ಟು ಅಂತ ಕೈಯೇ ಹೇಳಬೇಕು. ಮೂಗಿನ ದಾರಿಯಲ್ಲಿ ಸಿಗುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ. ಅದರ ಎರಡೂ ಪಕ್ಕ ದೊಡ್ಡ ರಕ್ತನಾಳ, ಮೇಲೆ ಕಣ್ಣಿನ ನರ. ಆದ್ದರಿಂದ ಮೊದಲು ನಟ್ಟನಡುವಿನ ಸಣ್ಣ ಗಡ್ಡೆ, ವರ್ಷಗಳ ಮೇಲೆ ಕಷ್ಟದವು. ಇದಕ್ಕೆ ನಮ್ಮಮ್ಮ ಹೇಳುವ ಮಾತು: ಕೈ ಪಳಗಬೇಕು.
— ನರಶಸ್ತ್ರವೈದ್ಯ

ಮರು: ಡಾಕ್ಟರ ಅಮ್ಮ ಗೆದ್ದರು. ಆದರೆ ‘ಪಳಗು’ ಅಂತ ಸುಮ್ನೆ ಬರೆದುಬಿಡಬೇಡಿ. ಹಳಗನ್ನಡದಲ್ಲಿ ಇದು ‘ಪೞಗು’. ‘ಹಳೆ’ಗೂ ಇದೇ ಬೇರು ಅಂತ ನನ್ನ ವಾದ. ಹಳೆಯದಾದಷ್ಟೂ ಪಳಗುತ್ತದೆ, ಅಲ್ವಾ? ಪಾಲು ಹಾಲಾಯಿತು, ಪೂ ಹೂವಾಯಿತು. ಇದು ಪಕಾರ ಬಿಡಲಿಲ್ಲ, ಯಾಕೆ? ತಮಿಳರು ೞ ಉಳಿಸಿಕೊಂಡರು. ನಾವು ಅಕ್ಷರವನ್ನೇ ಕಳೆದುಕೊಂಡು ಕೂತಿದ್ದೇವೆ.
— ನಿವೃತ್ತ ಮೇಷ್ಟ್ರು, ಹೊಳಲ್ಕೆರೆ

ಮರು: ಮೇಷ್ಟ್ರೇ, ಫ್ಲೆಕ್ಸ್ ಅಂಗಡಿಯಲ್ಲಿ ೞ ಇಲ್ಲ. ಇನ್ನು ‘ಪಳಗಿಸುವ ಕಾರ್ಯಾಗಾರ’ ಅಂದರೆ ಡಾಕ್ಟರುಗಳನ್ನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕಳಿಸಿದ ಹಾಗೆ.
— ಪ್ರೂಫ್ ನೋಡುವವನು

ಮರು: ‘ಕೈ’ ಸೇರಿಸಿದರೆ ಆನೆ ಹೋಗುತ್ತದೆ. ‘ಕಾರ್ಯಾಗಾರ’ ತೆಗೆಯಿರಿ, ‘ಕಮ್ಮಟ’ ಹಾಕಿ. ‘ಶಸ್ತ್ರಚಿಕಿತ್ಸೆ’ಯೂ ಹೋಗಲಿ, ‘ಕೊಯ್ದಾರೈಕೆ’ ಇದೆ.
— ಮೇಷ್ಟ್ರು

ಮರು: ಕೊಯ್ದಾರೈಕೆ ಅಂದರೆ ಕೋಳಿ ಅಂಗಡಿ. ನಮ್ಮ ಕಡೆ ಹಳ್ಳಿಯ ಅಜ್ಜಿಯೂ ‘ಆಪ್ರೇಷನ್’ ಅಂತಾಳೆ. ಅವಳ ಬಾಯಲ್ಲಿ ಇರೋದು ಕನ್ನಡ ಅಲ್ಲ ಅನ್ನೋಕೆ ನೀವ್ಯಾರು?
— ಪ್ರೂಫ್ ನೋಡುವವನು

ಮರು: ಹಾಗಾದರೆ ‘ಮಿದುಳು’ ಬಿಟ್ಟು ‘ಬ್ರೇನು’ ಅನ್ನಿ. ಅಜ್ಜಿ ಅದನ್ನೂ ಅಂತಾಳೆ. ನಾನು ಇನ್ನು ಈ ಎಳೆಗೆ ಬರೆಯುವುದಿಲ್ಲ.
— ಮೇಷ್ಟ್ರು

ಮರು: ಮೇಷ್ಟ್ರೇ, ಸರ್, ಜಗಳ ಬೇಡ. ‘ಮಿದುಳಿನ ಗಡ್ಡೆ ಆಪರೇಷನ್: ಕೈ ಪಳಗಿಸುವ ಕಮ್ಮಟ’ ಅಂತ ಕೊಟ್ಟೆ. ಕಿಂಡಿ ಕೈಬಿಟ್ಟೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಮೂಗಿನ ದಾರಿಯಲ್ಲಿ, ಸಣ್ಣ ತೂತಿನಲ್ಲಿ’ ಅಂತ ಇದೆ. ಎಲ್ಲರಿಗೂ ಥ್ಯಾಂಕ್ಸ್. ಒಂದೇ ಒಂದು ತೊಂದರೆ. ಅಂಗಡಿಯ ಹುಡುಗ ‘ಪಲಗಿಸುವ’ ಅಂತ ಹಾಕಿದ್ದಾನೆ. ಆರಡಿ ಫ್ಲೆಕ್ಸು. ಈಗ ಲ ಮೇಲೆ ಅಂಟಿಸೋಕೆ ಒಂದು ಳ ಕತ್ತರಿಸ್ತಾ ಕೂತಿದ್ದೇನೆ.
— ಅನುವಾದಕಿ

ಮರು: ೞ ಕತ್ತರಿಸಿ.
— ಮೇಷ್ಟ್ರು