ಮೊದಲ ಮೆಟಲ್ ಶೋ: ಎಲ್ಲಿ ನಿಂತ್ಕೋಬೇಕು? ಅನುಭವ ಇರೋರು ಹೇಳಿ

ಎಡಗಿವಿ:
ಎಲ್ಲರಿಗೂ ನಮಸ್ಕಾರ. ಇಪ್ಪತ್ತು ವರ್ಷದಿಂದ ಹೆವಿ ಮೆಟಲ್ ಸಂಗೀತ ಕೇಳ್ತಿದೀನಿ, ಎಲ್ಲಾ ಹೆಡ್‌ಫೋನಲ್ಲೇ, ಲೈವ್ ಅಂತ ಒಂದೂ ನೋಡಿಲ್ಲ. ಈಗ ಒಂದು ಡೂಮ್ (ತುಂಬಾ ನಿಧಾನದ, ಭಾರವಾದ ಮೆಟಲ್) ಬ್ಯಾಂಡ್ ಶೋಗೆ ಎರಡು ಟಿಕೆಟ್ ತಗೊಂಡಿದೀನಿ, ಒಂದು ನಂಗೆ, ಇನ್ನೊಂದು ನಮ್ಮಕ್ಕನ ಮಗಳಿಗೆ, ಅವಳಿಗೆ 16. ಶೋ ಒಂದು ಹಾಲ್ ಒಳಗಡೆ, ಕುರ್ಚಿ ಇಲ್ಲ, ಎಲ್ಲಾ ನಿಂತ್ಕೊಂಡೇ ನೋಡೋದು. ನಂಗೆ ಎಡಗಿವೀಲಿ ಮೂರು ವರ್ಷದಿಂದ ಸಣ್ಣಗೆ ಕುಯ್ ಅಂತ ಸದ್ದಿದೆ, ಕನ್ನಡಕ ಬೇರೆ. ಕೇಳೋದು ಎರಡೇ. ಎಲ್ಲಿ ನಿಂತ್ಕೊಂಡ್ರೆ ಒಳ್ಳೇದು? ಹುಡುಗಿ ಕಿವಿ ಚಿಕ್ಕದು, ಮಾಮೂಲಿ ಇಯರ್‌ಪ್ಲಗ್ ಅವಳಿಗೆ ಕೂರುತ್ತಾ?

ಕಂಬಿ ಹಿಡ್ದೋನು:
ಮುಂದೆ. ಸ್ಟೇಜ್ ಮುಂದಿನ ಬ್ಯಾರಿಕೇಡ್ ಕಂಬಿಗೆ ಎದೆ ಕೊಟ್ಟು ನಿಲ್ಲಿ, ಬೇರೆ ಯೋಚನೆನೇ ಬೇಡ. ನನ್ನ ಮೊದಲ ದೊಡ್ಡ ಶೋಗೆ ಗೇಟ್ ತೆಗೆಯೋಕೆ ಐದು ಗಂಟೆ ಮುಂಚೆನೇ ಹೋಗಿ ಕ್ಯೂ ನಿಂತಿದ್ದೆ, ನನ್ನ ಮುಂದೆ ಒಂಬತ್ತು ಜನ, ಗೇಟ್ ತೆಗೆದ ತಕ್ಷಣ ಓಡಿ ಬ್ಯಾರಿಕೇಡ್ ಹಿಡ್ಕೊಂಡೆ, ಗಿಟಾರಿಸ್ಟ್ ಕಾಲಲ್ಲಿ ಒತ್ತೋ ಪೆಡಲ್ ಬೋರ್ಡ್ ನನ್ನಿಂದ ಹತ್ತಡಿ ದೂರ ಅಷ್ಟೇ. ಆಮೇಲೆ ಮುಖ್ಯ ಬ್ಯಾಂಡ್ ಬರೋವರೆಗೂ ಮೂರೂವರೆ ಗಂಟೆ, ನೀರಿಲ್ಲ, ಬಾತ್‌ರೂಮ್ ಇಲ್ಲ, ಜಾಗ ಬಿಟ್ರೆ ಹೋಯ್ತು. ಎರಡನೇ ಹಾಡಲ್ಲಿ ಹಿಂದಿಂದ ಜನ ಒಂದೇ ಸಲ ನುಗ್ಗಿದ್ರು, ಕಂಬಿ ಎಡಪಕ್ಕೆಗೆ ಒತ್ತಿ ಟಕ್ ಅಂತು. ಆಗ ನೋವೇ ಗೊತ್ತಾಗಲಿಲ್ಲ. ಎರಡು ದಿನ ಬಿಟ್ಟು ಎಕ್ಸ್‌ರೇ ತೆಗೆಸಿದ್ರೆ ಪಕ್ಕೆಲುಬಲ್ಲಿ ಬಿರುಕು. ಆರು ವಾರ ಸೀನೋಕಾಗಲ್ಲ, ನಗೋಕಾಗಲ್ಲ, ಎಡಕ್ಕೆ ಮಗ್ಗುಲಾಗೋ ಹಾಗಿಲ್ಲ, ಬೆಳಿಗ್ಗೆ ಏಳ್ಬೇಕಾದ್ರೆ ಮೊದಲು ಬಲ ಮೊಣಕೈ ಊರಬೇಕು, ಆಮೇಲೆ ಕಾಲು ಇಳಿಬಿಡಬೇಕು, ಆಮೇಲೆ ಉಸಿರು ಹಿಡ್ಕೊಂಡು ಸೊಂಟ ಎತ್ತಬೇಕು. ಆದ್ರೂ ಹೇಳ್ತೀನಿ, ಹತ್ತು ವರ್ಷ ಕ್ಯಾಸೆಟ್ಟು ಸಿಡೀಲಿ ಕೇಳಿದ್ದ ರಿಫ್ (ಮತ್ತೆ ಮತ್ತೆ ಬರೋ ಗಿಟಾರ್ ತುಣುಕು) ಅನ್ನ ಆ ಮನುಷ್ಯನ ಬೆರಳು ನಿಜವಾಗ್ಲೂ ಹೇಗೆ ನುಡಿಸುತ್ತೆ ಅಂತ ಕಣ್ಣಾರೆ ನೋಡಿದೆ. ನಾನು ಮನೇಲಿ ಅಷ್ಟು ವರ್ಷ ತಪ್ಪು ತಂತೀಲಿ ನುಡಿಸ್ತಿದ್ದೆ ಅಂತ ಅವತ್ತು ಗೊತ್ತಾಯ್ತು. ಹಿಂದೆ ನಿಂತೋರಿಗೆ ಇದು ಸಿಗಲ್ಲ.

ಫೇಡರ್:
ಮುಂದೆ ನಿಲ್ಲಿ ಅನ್ನೋರಿಗೆ ಒಂದು ಮಾತು. ನಾನು ನಾಲ್ಕು ವರ್ಷ ಲೈವ್ ಸೌಂಡ್ ಕೆಲಸ ಮಾಡಿದೀನಿ, ಮೊದಲ ಒಂದು ವರ್ಷ ಬರೀ ಕೇಬಲ್ ಸುತ್ತಿದೀನಿ. ಮೇನ್ ಸ್ಪೀಕರ್ ಎರಡೂ ಪಕ್ಕ ಮೇಲೆ ನೇತಾಕಿರ್ತೀವಿ, ಅದರ ಸದ್ದು ಕಂಬಿ ಹತ್ರ ನಿಂತೋರ ತಲೆ ಮೇಲಿಂದ ಹಿಂದಕ್ಕೆ ಹೋಗುತ್ತೆ. ಕಂಬಿ ಹತ್ರ ನಿಮಗೆ ಕೇಳೋದು ಡ್ರಮ್ಮಿನ ನೇರ ಸದ್ದು, ಸ್ಟೇಜ್ ಮೇಲಿನ ಗಿಟಾರ್ ಸ್ಪೀಕರ್ ಸದ್ದು, ಸ್ಟೇಜ್ ಕೆಳಗಿನ ಸಬ್‌ವೂಫರ್. ಹಾಡೋನ ದನಿ ಎಲ್ಲೋ ಬಾವಿಯೊಳಗಿಂದ ಬಂದಂಗೆ. ಮಿಕ್ಸ್ ಮಾಡೋನು ಕೂತಿರೋದು ಹಾಲ್ ಮಧ್ಯ, ಅವನು ಹೊಂದಿಸೋದು ತನ್ನ ಕಿವಿಗೆ ಬೀಳೋ ಸದ್ದನ್ನ. ಅದಕ್ಕೇ ಅವನ ಸೌಂಡ್ ಡೆಸ್ಕ್ ಮುಂದೆ ನಾಲ್ಕೈದು ಹೆಜ್ಜೆ, ಅದೇ ಜಾಗ. ತೀರಾ ಹಿಂದಕ್ಕೂ ಹೋಗಬೇಡಿ. ದೊಡ್ಡ ಮೈದಾನದಲ್ಲಿ ನೂರು ಮೀಟರ್ ಹಿಂದೆ ನಿಂತ್ರೆ ಸದ್ದು ಬರೋಕೆ ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ಹಿಡಿಯುತ್ತೆ, ಸ್ಕ್ರೀನಲ್ಲಿ ಡ್ರಮ್ಮರ್ ಕೈ ಇಳಿದ ಮೇಲೆ ಏಟು ಕೇಳುತ್ತೆ.

ಕಂಬಿ ಹಿಡ್ದೋನು:
ಫೇಡರ್ ಅವ್ರೇ, ಬರೀ ಸೌಂಡ್ ಚೆನ್ನಾಗಿ ಕೇಳ್ಬೇಕು ಅಂದ್ರೆ ಮನೇಲಿ ಆಲ್ಬಮ್ ಇದೆಯಲ್ಲ. ಶೋಗೆ ಹೋಗೋದು ಮೈಗೆ ತಾಗ್ಲಿ ಅಂತ.

ಫೇಡರ್:
ಮೈಗೆ ತಾಗಿದ್ದು ಕಂಬಿ. ಸಂಗೀತ ಅಲ್ಲ.

ಜೀರುಂಡೆ:
ನೀವಿಬ್ರೂ ಜಾಗಕ್ಕೆ ಜಗಳ ಆಡ್ತಿದೀರಿ, ಕಿವಿ ವಿಷಯ ಒಬ್ರೂ ಎತ್ತಲಿಲ್ಲ. ನನ್ನ ಕಥೆ ಉದ್ದ, ಆದ್ರೂ ಓದಿ.

ಸಣ್ಣ ಹಾಲ್, ಮುನ್ನೂರು ಜನ ಇದ್ರೆ ಹೆಚ್ಚು, ಡ್ರೋನ್ ಡೂಮ್ ಬ್ಯಾಂಡ್, ಅಂದ್ರೆ ಒಂದೇ ಸ್ವರ ಎಳೆದೆಳೆದು ನುಡಿಸೋರು. ನಾನು ನಿಂತಿದ್ದು ಎಡಗಡೆ ಸ್ಪೀಕರ್ ಮುಂದೆ, ಎರಡು ಮೀಟರ್ ಇರಬಹುದು. ಫೋಮ್ ಪ್ಲಗ್ ಪ್ಯಾಂಟ್ ಜೇಬಲ್ಲೇ ಇತ್ತು. ಮೊದಲ ಹತ್ತು ನಿಮಿಷ ಹಾಕಿದ್ದೆ, ಸದ್ದು ಕಂಬಳಿ ಹೊದ್ದಂಗೆ ಆಯ್ತು ಅಂತ ಕಿತ್ತು ಜೇಬಿಗೆ ಹಾಕ್ಕೊಂಡೆ. ಒಟ್ಟು ಎರಡು ಗಂಟೆ ಹತ್ತು ನಿಮಿಷ. ಗಂಟಲು, ಎದೆಗೂಡು, ಹಲ್ಲು ಎಲ್ಲಾ ನಡುಗ್ತಿತ್ತು, ಅಷ್ಟು ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆಚೆ ಬಂದಾಗ ಲೋಕ ಎಲ್ಲಾ ಹತ್ತಿ ತುಂಬಿದಂಗೆ. ಮುಂಚೆನೂ ಹಿಂಗೆ ಆಗಿ ಮಾರನೇ ದಿನ ಸರಿ ಹೋಗ್ತಿತ್ತು, ಹಂಗೇ ಅನ್ಕೊಂಡೆ. ಆ ಹತ್ತಿ ಹೋಯ್ತು, ಕಿವೀಲಿ ಜೀರುಂಡೆ ಸದ್ದು ಉಳೀತು. ಒಂದು ದಿನ, ಎರಡು ದಿನ, ನಾಲ್ಕು ದಿನ. ಹನ್ನೊಂದನೇ ದಿನ ಡಾಕ್ಟರ್ ಹತ್ರ ಹೋದೆ, ಅವರು ಕೇಳಿದ ಮೊದಲ ಪ್ರಶ್ನೆ ಇಷ್ಟು ದಿನ ಎಲ್ಲಿದ್ರಿ ಅಂತ. ಬೇಗ ಬಂದಿದ್ರೆ ಔಷಧಿ ಕೊಟ್ಟು ನೋಡಬಹುದಿತ್ತಂತೆ. ಆಡಿಯೋಗ್ರಾಮಲ್ಲಿ (ಕಿವಿ ಟೆಸ್ಟಿನ ಗ್ರಾಫ್) ಎಲ್ಲಾ ಸರಿ ಇದೆ, 4000 ಹರ್ಟ್ಸ್ ಹತ್ರ ಮಾತ್ರ ಗೆರೆ ಹಳ್ಳಕ್ಕೆ ಬಿದ್ದಂಗೆ ಕೆಳಗಿಳಿದಿದೆ, ಎಡಗಿವಿ 45 ಡೆಸಿಬೆಲ್, ಬಲಗಿವಿ 30. ಜೋರು ಸದ್ದಿಂದ ಕೆಟ್ಟ ಕಿವಿಗೆ ಸಾಮಾನ್ಯವಾಗಿ ಅಲ್ಲೇ ಪೆಟ್ಟು ಬೀಳೋದು. ಏಳು ವರ್ಷ ಆಯ್ತು. ಫ್ಯಾನ್ ಇಲ್ದೆ ನಿದ್ದೆ ಬರಲ್ಲ. ಗಲಾಟೆ ಇರೋ ಕಡೆ ಎದುರಿಗೆ ಕೂತೋರು ಮಾತಾಡಿದ್ರೆ ಸ, ಶ, ತ ಎಲ್ಲಾ ಒಂದೇ ಥರ ಕೇಳುತ್ತೆ, ತುಟಿ ನೋಡ್ಕೊಂಡು ಅರ್ಥ ಮಾಡ್ಕೋತೀನಿ.

ಲೆಕ್ಕ ಹೇಳ್ತೀನಿ. 85 ಡೆಸಿಬೆಲ್ ಸದ್ದಾದ್ರೆ ಕಿವಿಗೆ ದಿನಕ್ಕೆ 8 ಗಂಟೆ ಮಿತಿ ಅಂತಾರೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ್ರೂ ಸಮಯ ಅರ್ಧ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು, 100ಕ್ಕೆ ಹದಿನೈದೇ ನಿಮಿಷ, 106ಕ್ಕೆ ನಾಲ್ಕು ನಿಮಿಷಾನೂ ಇಲ್ಲ. ನಾನು ನಿಂತಿದ್ದು ನೂರಾಮೂವತ್ತು ನಿಮಿಷ.

ಕಂಬಿ ಹಿಡ್ದೋನು:
ಬೇಜಾರಾಯ್ತು ಕೇಳಿ, ನಿಜವಾಗ್ಲೂ. ಆದ್ರೆ ಹೊಸಬರಿಗೆ ಇಷ್ಟು ಭಯ ಹುಟ್ಟಿಸಬೇಡಿ ಸರ್. 1976ರಲ್ಲಿ ದಿ ಹೂ ಅನ್ನೋ ರಾಕ್ ಬ್ಯಾಂಡ್ ಲಂಡನ್ನಿನ ಚಾರ್ಲ್‌ಟನ್ ಮೈದಾನದಲ್ಲಿ ನುಡಿಸಿದಾಗ 32 ಮೀಟರ್ ದೂರದಲ್ಲೇ 126 ಡೆಸಿಬೆಲ್ ಇತ್ತು, ಗಿನ್ನೆಸ್ ದಾಖಲೆ ಅದು. ಆ ಕಾಲದವರು ಪ್ಲಗ್ ಹಾಕ್ಕೊಂಡು ಹೋಗಿದ್ರಾ?

ಜೀರುಂಡೆ:
ಅದೇ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್‌ಗೆ ಕಿವಿ ಏನಾಗಿದೆ ಅಂತ ಓದಿದೀರಾ? ಎಷ್ಟೋ ವರ್ಷದಿಂದ ಬಾಯಿಬಿಟ್ಟು ಹೇಳ್ಕೊಂಡಿದಾರೆ. ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಚ್‌ಗೂ ಕಿವೀಲಿ ಇದೇ ಸದ್ದು. ಎಸಿ/ಡಿಸಿ ಬ್ಯಾಂಡಿನ ಹಾಡುಗಾರ ಬ್ರಯನ್ ಜಾನ್ಸನ್ 2016ರಲ್ಲಿ ಕಿವಿ ಪೂರ್ತಿ ಹೋಗೋ ಅಪಾಯ ಇದೆ ಅಂತ ಡಾಕ್ಟರ್ ಹೇಳಿದ್ಮೇಲೆ ಟೂರ್ ಅರ್ಧಕ್ಕೇ ಬಿಟ್ರು, ಅವರ ಜಾಗಕ್ಕೆ ಆಕ್ಸೆಲ್ ರೋಸ್ ಬಂದು ಹಾಡಿದ್ರು. ಸ್ಟೇಜ್ ಮೇಲಿರೋರದ್ದೇ ಈ ಕಥೆ. ಆ ಮೈದಾನದಲ್ಲಿ ನಿಂತಿದ್ದೋರ ಕಿವಿ ಲೆಕ್ಕ ಯಾರು ಬರೆದಿಟ್ಟಿದಾರೆ? ಗಿನ್ನೆಸ್‌ನೋರೇ ಆಮೇಲೆ ಈ ದಾಖಲೆ ಬೇಡ, ಜನರ ಕಿವಿ ಹಾಳಾಗುತ್ತೆ ಅಂತ ನಿಲ್ಲಿಸಿದ್ರು.

ಪಿಟ್ಟಿನಕ್ಕ:
ನೋಡ್ರಿ, ಡೂಮ್ ಶೋದಾಗ ಪಿಟ್ (ಮಂದಿ ಒಬ್ಬರಿಗೊಬ್ಬರು ಡಿಕ್ಕಿ ಹೊಡಕೊಂತ ಕುಣಿಯೂ ಜಾಗ) ಇರೂದಿಲ್ಲ, ಗೊತ್ತೈತಿ. ಆದ್ರೂ ನಂದೂ ಒಂದಿಷ್ಟು ಹೇಳ್ತೀನಿ. ನಾ ಐದಡಿ ಒಂದಿಂಚು ಇದೀನಿ. ಮೊದಲ ಥ್ರ್ಯಾಶ್ (ಭಾಳ ವೇಗದ ಮೆಟಲ್) ಶೋದಾಗ, ಮಂದಿ ಸುತ್ತ ಓಡೂ ಸರ್ಕಲ್ ಪಿಟ್‌ನ್ಯಾಗ ಇಳದಿದ್ನಿ, ಎರಡನೇ ಸುತ್ತಿಗೇ ಚಸ್ಮಾ ಹಾರಿ ಹೋತು, ಅದನ್ನ ಹುಡಕಾಕ ಬಗ್ಗಿದ್ನಿ, ಅದ ನನ್ನ ತಪ್ಪು, ಪಿಟ್‌ನ್ಯಾಗ ಎಂದೂ ಬಗ್ಗಬಾರ್ದು. ಬಿದ್ನಿ. ಮ್ಯಾಲ ನೋಡಿದ್ರ ಬರೇ ಬೂಟು. ಒಂದು ಸೆಕೆಂಡ್ ಅಷ್ಟ, ಮೂರು ಮಂದಿ ತೋಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ್ರು, ಇಬ್ರು ನನ್ನ ಸುತ್ತ ಕೈ ಚಾಚಿ ಗ್ವಾಡಿ ಹಂಗ ನಿಂತ್ರು, ಒಬ್ಬಾಂವ ಚಸ್ಮಾ ಎತ್ತಿ ತಂದು ಕೊಟ್ಟ. ಒಂದು ಗಾಜು ಒಡದಿತ್ತು, ಒಂದ ಕಣ್ಣಾಗ ಪೂರಾ ಶೋ ನೋಡೀನಿ. ಯಾರು ಏನು ಅಂತ ಇವತ್ತಿಗೂ ಗೊತ್ತಿಲ್ಲ. ಬಿದ್ದಾಂವನ್ನ ಎತ್ತಬೇಕು, ಅದೊಂದ ನಿಯಮ ಅಲ್ಲಿ, ಅದನ್ನ ಮೀರಿದಾಂವನ್ನ ಮಂದೀನ ಹೊರಗ ಹಾಕ್ತಾರ. ಮುಂದ ಒಂದು ಶೋದಾಗ ಯಾರದೋ ಮೊಣಕೈ ಬಡದು ಮುಂದಿನ ಹಲ್ಲಿನ ತುದಿ ಮುರೀತು. ಮೂರು ಸರ್ತಿ ಡೆಂಟಿಸ್ಟ್ ಕಡೆ ಹೋದ್ನಿ, ಎರಡು ಸರ್ತಿ ಕಟ್ಟಿದ್ದು ಉದುರಿತ್ತು, ಮೂರನೇದ್ದು ನಿಂತೈತಿ, ಆದ್ರ ಬಣ್ಣ ಉಳಿದ ಹಲ್ಲಿಗೆ ಹೊಂದಂಗಿಲ್ಲ. ಈಗೂ ಇಳೀತೀನಿ. ಚಸ್ಮಾಕ್ಕ ಹಿಂದ ದಾರ ಕಟಗೊಂಡು ಇಳೀತೀನಿ.

ಬ್ಲಾಸ್ಟ್‌ಬೀಟ್:
ಮೊದಲ ಶೋನೇ ಡೂಮ್ ಯಾಕೆ ಗುರೂ? ಥ್ರ್ಯಾಶ್ ಇಲ್ಲಾಂದ್ರೆ ಡೆತ್ ಮೆಟಲ್ ನೋಡಬೇಕು ಮೊದಲು. ಡೂಮಲ್ಲಿ ಒಂದು ಏಟಿಗೂ ಇನ್ನೊಂದು ಏಟಿಗೂ ಮಧ್ಯೆ ನಿದ್ದೆ ಬರುತ್ತೆ. ನಾನೊಂದು ಸಲ ಹೋಗಿ ಮೂರನೇ ಹಾಡಿಗೆ ಎದ್ದು ಬಂದೆ, ಟಿಕೆಟ್ಟು ದಂಡ, ಬಂದು ಹೋಗೋಕೆ ಆರು ಗಂಟೆ ದಂಡ, ಮಳೇಲಿ ನೆನೆದು ಜ್ವರ ನಾಲ್ಕು ದಿನ.

ಫೇಡರ್:
ಮೂರನೇ ಹಾಡಿಗೆ ಎದ್ದು ಬಂದೋರು ಡೂಮ್ ಬಗ್ಗೆ ಮಾತಾಡಬೇಡಿ ದಯವಿಟ್ಟು. ಈ ಸಂಗೀತ ಎಲ್ಲಾ ಹುಟ್ಟಿದ್ದೇ ನಿಧಾನದಲ್ಲಿ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಐಯೋಮಿ 17ನೇ ವಯಸ್ಸಲ್ಲಿ ಫ್ಯಾಕ್ಟರಿ ಮಷಿನ್‌ಗೆ ಬಲಗೈ ಎರಡು ಬೆರಳ ತುದಿ ಕಳ್ಕೊಂಡ್ರು, ಎಡಚ ಆಗಿದ್ರಿಂದ ತಂತಿ ಒತ್ತೋ ಕೈ ಅದೇ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡು, ತೆಳ್ಳನೆ ತಂತಿ ಕಟ್ಟಿ, ಆಮೇಲೆ 1971ರ ಆಲ್ಬಮ್ಮಿಗೆ ಶ್ರುತಿ ಒಂದೂವರೆ ಸ್ವರ ಇಳಿಸಿ ನುಡಿಸಿದ್ರು. ನಿಮ್ಮ ಡೆತ್ ಮೆಟಲ್ ಗಿಟಾರ್ ಶ್ರುತಿ ಇಳಿಸೋದು ಎಲ್ಲಿಂದ ಬಂತು ಅನ್ಕೊಂಡಿದೀರಿ?

ಬ್ಲಾಸ್ಟ್‌ಬೀಟ್:
ಸಬ್ಬತ್ ಬಗ್ಗೆ ನಾನೇನಾದ್ರೂ ಅಂದ್ನಾ? ಸಬ್ಬತ್ ಬೇರೆ, ಈಗಿನ ಡೂಮ್ ಬೇರೆ. ಸುಮ್ನೆ ಬಾಯಿಗೆ ಮಾತು ತುರುಕಬೇಡಿ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಲ್ಲಿ ಆದ ಸಬ್ಬತ್ ಕೊನೇ ಶೋನ ಸ್ಟ್ರೀಮಲ್ಲಿ ಕೂತು ನೋಡಿದೋನು ನಾನು. ಮೂರು ಸಲ ನೆಟ್ ಹೋಯ್ತು, ಮೂರು ಸಲ ಫೋನ್ ಹಾಟ್‌ಸ್ಪಾಟ್ ಹಾಕಿ ನೋಡಿದೆ, ಡೇಟಾ ಖಾಲಿ ಆಗಿ ತಮ್ಮನ ಫೋನ್ ಇಸ್ಕೊಂಡೆ. ಅವರ ಹಾಡುಗಾರ ಓಝಿ ಕುರ್ಚಿ ಬಿಟ್ಟು ಏಳೋಕಾಗ್ದೆ ಕೂತಲ್ಲೇ ಹಾಡಿದ್ರು, ಹಳೇ ನಾಲ್ಕೂ ಜನ 2005ರ ನಂತರ ಒಟ್ಟಿಗೆ ಸ್ಟೇಜ್ ಮೇಲೆ. ಹದಿನೇಳೇ ದಿನ, ಜುಲೈ 22ಕ್ಕೆ ಓಝಿ ತೀರಿಹೋಗಿಬಿಟ್ರು. ಸುದ್ದಿ ಬಂದಾಗ ಕೆಲಸದಲ್ಲಿದ್ದೆ, ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತಿದೀನಿ.

ಫೇಡರ್:
ಸರಿ, ತಪ್ಪಾಯ್ತು. ನಾನೂ ಅವತ್ತು ಕೆಲಸ ಮಾಡೋಕಾಗ್ಲಿಲ್ಲ.

ಹಳೇ ಗ್ರೋಲ್:
ಡೆತ್ ಮೆಟಲ್ ಬಗ್ಗೆ ಬಂತಲ್ಲ ಅದಕ್ಕೆ ಹೇಳ್ತೀನಿ, ಓಪೆತ್ ಬ್ಯಾಂಡ್ 2011ರಲ್ಲಿ ಗ್ರೋಲ್ (ಗುರುಗುಟ್ಟೋ ದನೀಲಿ ಹಾಡೋದು) ಬಿಟ್ಟಾಗ ನಾನು ಆ ಬ್ಯಾಂಡ್ ಕೇಳೋದನ್ನೇ ಬಿಟ್ಟೆ. ಆಮೇಲಿನ ಟೂರಲ್ಲಿ ನೋಡೋಕೆ ಅವಕಾಶ ಇತ್ತು, ಹಟಕ್ಕೆ ಹೋಗಲಿಲ್ಲ, ಸ್ನೇಹಿತ ತೆಗೆದಿಟ್ಟಿದ್ದ ಟಿಕೆಟ್ ವಾಪಸ್ ಕೊಟ್ಟೆ. 2024ರ ಆಲ್ಬಮಲ್ಲಿ ಗ್ರೋಲ್ ವಾಪಸ್ ಬಂತು. ಹದಿಮೂರು ವರ್ಷ ಕಾದೆ ನಾನು. ನಾನು ಹೇಳಿದ್ದೇ ಸರಿ ಇತ್ತು.

ಪಿಟ್ಟಿನಕ್ಕ:
ಏನ್ ಸರಿ ಇತ್ತು? ಆ ಹದಿಮೂರು ವರ್ಷದಾಗ ಅವರು ಲೈವ್‌ನ್ಯಾಗ ಹಳೇ ಹಾಡಿಗೆ ಗ್ರೋಲ್ ಮಾಡ್ತನ ಇದ್ರು. ನೀವ ಹೋಗಲಿಲ್ಲ. ಕಳಕೊಂಡಾವ್ರು ನೀವು.

ಹಳೇ ಗ್ರೋಲ್:
ನೋಡಿಲ್ದೆ ಮಾತಾಡ್ತಿದೀನಿ ಅಂತೀರಾ? ಹಳೇ ಹಾಡು ಎರಡೋ ಮೂರೋ ಹಾಕಿ ಸಮಾಧಾನ ಮಾಡೋದು ನಂಗೆ ಬೇಡ ಅಷ್ಟೇ. ಒಂದು ಬ್ಯಾಂಡನ್ನ ಪ್ರೀತಿಸೋನಿಗೆ ಮುನಿಸ್ಕೊಳ್ಳೋ ಹಕ್ಕೂ ಇದೆ.

ಎಡಗಿವಿ:
ಎಲ್ಲಾ ಓದಿದೆ, ಜೀರುಂಡೆ ಅವರದ್ದು ಎರಡು ಸಲ ಓದಿದೆ. ಹುಡುಗಿ ಕಿವಿ ವಿಷಯ ಮಾತ್ರ ಯಾರೂ ಹೇಳಲಿಲ್ಲ. ಪ್ಲಗ್ ತಗೊಂಡು ಹಾಕಿ ನೋಡಿದ್ವಿ, ಐದು ನಿಮಿಷಕ್ಕೇ ಜಾರಿ ಬೀಳ್ತಿದೆ.

ಜೀರುಂಡೆ:
ಕ್ಷಮಿಸಿ, ನನ್ನ ಕಥೆಯಲ್ಲೇ ಮುಳುಗಿಬಿಟ್ಟೆ. ಸ್ಮಾಲ್ ಸೈಜ್ ಅಂತಲೇ ಬೇರೆ ಬರುತ್ತೆ, ಅದನ್ನ ತಗೊಳ್ಳಿ. ಫೋಮ್ ಆದ್ರೆ ಬತ್ತಿ ಹೊಸೆದಂಗೆ ತೆಳ್ಳಗೆ ಹೊಸೀಬೇಕು, ಇನ್ನೊಂದು ಕೈಯನ್ನ ತಲೆ ಹಿಂದಿಂದ ತಂದು ಕಿವಿ ಮೇಲಕ್ಕೂ ಹಿಂದಕ್ಕೂ ಎಳೆದು ಹಿಡೀಬೇಕು, ಒಳಗೆ ಹಾಕಿ ಅದು ಉಬ್ಬೋವರೆಗೂ ಅರ್ಧ ನಿಮಿಷ ಬೆರಳು ಒತ್ತಿ ಇಡಬೇಕು. ಜಾರಿ ಬೀಳ್ತಿದೆ ಅಂದ್ರೆ ಒಳಗೆ ಪೂರ್ತಿ ಹೋಗಿಲ್ಲ. ಫೋಮ್ ಪ್ಲಗ್ ಎತ್ತರದ ಸ್ವರಗಳನ್ನ ಜಾಸ್ತಿ ತಿನ್ನುತ್ತೆ, ಅದಕ್ಕೇ ನಂಗೆ ಕಂಬಳಿ ಹೊದ್ದಂಗಾಗಿದ್ದು. ಸಂಗೀತಕ್ಕೆ ಅಂತಲೇ ಫಿಲ್ಟರ್ ಇರೋ ಪ್ಲಗ್ ಬರುತ್ತೆ, ಎಲ್ಲಾ ಸ್ವರಾನೂ ಹೆಚ್ಚುಕಮ್ಮಿ ಒಂದೇ ಸಮ ಇಳಿಸುತ್ತೆ, ಅವಳು ಕಿತ್ತು ಹಾಕಲ್ಲ. ಮನೇಲಿ ಒಂದು ಗಂಟೆ ಹಾಕ್ಕೊಂಡು ಓಡಾಡಲಿ, ತಲೆ ಆಡಿಸಿ ನೋಡಲಿ. ಒಂದು ಜೊತೆ ಹೆಚ್ಚಿಗೆ ಇಟ್ಕೊಳ್ಳಿ. ನಿಮ್ಮ ಎಡಗಿವಿಗೆ ಶೋಗೆ ಮುಂಚೆನೇ ಒಂದು ಸಲ ಟೆಸ್ಟ್ ಮಾಡಿಸಿ, ಮೂರು ವರ್ಷ ಸುಮ್ನೆ ಬಿಟ್ಟಿದ್ದೇ ಜಾಸ್ತಿ.

ಎಡಗಿವಿ:
ಟೆಸ್ಟಿಗೆ ಗುರುವಾರ ಹೋಗ್ತಿದೀನಿ. ನಾನು ಸೌಂಡ್ ಡೆಸ್ಕ್ ಮುಂದೆ ನಿಲ್ಲೋಣ ಅಂದೆ, ಹುಡುಗಿ ಕಂಬಿ ಹತ್ರನೇ ಅಂತಿದಾಳೆ. ಮೊದಲ ಎರಡು ಹಾಡು ಮುಂದೆ ನಿಂತು ಆಮೇಲೆ ಹಿಂದಕ್ಕೆ ಬರೋದು ಅಂತ ಮಾತಾಗಿದೆ.

ಜೀರುಂಡೆ:
ಯಾವ ಬ್ಯಾಂಡೋ ಗೊತ್ತಿಲ್ಲ, ಡೂಮಲ್ಲಿ ಎರಡು ಹಾಡು ಅಂದ್ರೆ ಅರ್ಧ ಗಂಟೆನೂ ಆಗಬಹುದು.

ಎಡಗಿವಿ:
ಆಲ್ಬಮ್ ತೆಗೆದು ನೋಡಿದೆ, ಮೊದಲನೇದೇ ಹದಿನೇಳು ನಿಮಿಷ. ಒಂದೇ ಹಾಡು ಅಂತ ಹೇಳಿದೀನಿ.

ಕಂಬಿ ಹಿಡ್ದೋನು:
ಹೋಗೋದಾದ್ರೆ ಕಂಬಿಯ ತುದಿಗೆ ಹೋಗಬೇಡಿ, ಸ್ಪೀಕರ್ ಇರೋದು ಅಲ್ಲೇ. ಮಧ್ಯಕ್ಕೆ ನಿಲ್ಲಿ, ಹುಡುಗೀನ ನಿಮ್ಮ ಮುಂದೆ ನಿಲ್ಲಿಸ್ಕೊಳ್ಳಿ, ಎರಡೂ ಕೈ ಅವಳ ಪಕ್ಕದಲ್ಲಿ ಕಂಬಿ ಮೇಲೆ ಊರಿ. ಹಿಂದಿಂದ ತಳ್ಳಿದ್ರೆ ಭಾರ ನಿಮ್ಮ ತೋಳಿಗೆ ಬರಬೇಕು, ಅವಳ ಪಕ್ಕೆಗಲ್ಲ.