ಸಹಾಯ ಬೇಕು: ಥಲಸ್ಸೇಮಿಯಾ ಇರುವ ಹುಡುಗನಿಗೆ ಬಿ ನೆಗೆಟಿವ್ ರಕ್ತ (ಹುಬ್ಬಳ್ಳಿ-ಧಾರವಾಡ, ಗದಗ)

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗನಿಗೆ ಏಳು ವರ್ಷ. ಅವರ ಮನೆ ಗದಗದಲ್ಲಿ. ಹುಡುಗನಿಗೆ ಥಲಸ್ಸೇಮಿಯಾ ಮೇಜರ್ ಇದೆ, ಅಂದರೆ ದೇಹದಲ್ಲಿ ಸಾಕಷ್ಟು ಹಿಮೋಗ್ಲೋಬಿನ್ ತಯಾರಾಗದ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬಂದು ರಕ್ತ ಹಾಕಿಸಲೇಬೇಕು. ಗುಂಪು ಬಿ ನೆಗೆಟಿವ್. ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ ಬಿದ್ದರೆ ಶಿಬಿರಗಳು ಕಡಿಮೆ, ಒಂದು ಯೂನಿಟ್ ಸಿಗೋದೂ ಕಷ್ಟ. ತಡವಾದರೆ ಅವನು ಆಟ ಬಿಟ್ಟು ಮಲಗಿಬಿಡುತ್ತಾನೆ. ನೋಡೋಕೆ ಆಗಲ್ಲ.

"ಮನೆಯವರೇ ಕೊಡಬಹುದಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಮುಂದೆ ಅಸ್ಥಿಮಜ್ಜೆ ಕಸಿ ಮಾಡಿಸುವ ಯೋಚನೆ ಇದೆ. ಹತ್ತಿರದ ರಕ್ತಸಂಬಂಧಿಗಳ ರಕ್ತ ಹಾಕಿದರೆ, ಆಮೇಲೆ ಅವರ ಮಜ್ಜೆಯನ್ನು ಅವನ ದೇಹ ಒಪ್ಪದಿರುವ ಅಪಾಯ ಜಾಸ್ತಿ. ಅದಕ್ಕೇ ಹೊರಗಿನವರನ್ನು ಕೇಳುತ್ತಿದ್ದೇವೆ.

18ರಿಂದ 65 ವರ್ಷದೊಳಗಿನ, ಆರೋಗ್ಯವಾಗಿರುವ, ಹಿಮೋಗ್ಲೋಬಿನ್ ಕನಿಷ್ಠ 12.5 ಇರುವವರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಹಾಗಾಗಿ ಒಬ್ಬಿಬ್ಬರು ಸಾಲಲ್ಲ, ಸರದಿ ಪ್ರಕಾರ ಬರುವ ಏಳೆಂಟು ಜನ ಬೇಕು. ಒ ನೆಗೆಟಿವ್ ರಕ್ತವನ್ನೂ ಅವನಿಗೆ ಹಾಕಬಹುದು, ಆ ಗುಂಪಿನವರೂ ದಯವಿಟ್ಟು ತಿಳಿಸಿ.

ಇನ್ನೊಂದು ಮಾತು. ಪದೇ ಪದೇ ರಕ್ತ ಹಾಕಿದಾಗ ಕಬ್ಬಿಣದ ಅಂಶ ಲಿವರ್, ಹೃದಯದಲ್ಲಿ ಸೇರಿಕೊಳ್ಳುತ್ತದೆ. ಅದನ್ನು ಹೊರಹಾಕಲು ದಿನಾ ಡೆಫೆರಾಸಿರಾಕ್ಸ್ ಅನ್ನೋ ಮಾತ್ರೆ ಕೊಡುತ್ತೇವೆ. ನೀರಲ್ಲಿ ಕದಡಿ ಕುಡಿಸಿದರೆ ವಾಂತಿ ಮಾಡುತ್ತಾನೆ. ಡಾಕ್ಟರಿಗೆ ಹೇಳಿದ್ದೇವೆ, ಆದರೂ ನಿಮ್ಮ ಮಕ್ಕಳಿಗೆ ಹೇಗೆ ಕುಡಿಸುತ್ತೀರಿ ಅಂತ ಹೇಳಿದರೆ ಅಕ್ಕನಿಗೆ ಧೈರ್ಯ ಬರುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾನೂ ಸೇರಿದೆ. ಗದಗದಲ್ಲಿ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿದವರಿದ್ದರೆ ಯಾವ ಯಾವ ಕಾಗದ ಬೇಕಾಯಿತು ಹೇಳಿ.

ಕಮೆಂಟಲ್ಲಿ ನಿಮ್ಮ ರಕ್ತದ ಗುಂಪು, ಊರು ಬರೆಯಿರಿ. ನಾನೇ ಮೆಸೇಜ್ ಮಾಡುತ್ತೇನೆ.