ಪಿಕಪ್‌ಗೆ ಸ್ನೋ ಪ್ಲೋ ಮೌಂಟ್ ನಾವೇ ಹಾಕ್ಕೋಬಹುದಾ? ಹಾಕಿರೋರು ಹೇಳಿ

ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ರ ಇದೀವಿ. ಈರೀ ಸರೋವರದ ಕಡೆಯಿಂದ ಸ್ನೋ ಶುರುವಾದ್ರೆ ಸ್ನೋ ಬ್ಲೋವರ್ ತಳ್ಳಿ ತಳ್ಳಿ ಸಾಕಾಗೋಗತ್ತೆ, ಡ್ರೈವ್‌ವೇ ಬೇರೆ ಉದ್ದ. ಫೋರ್ಡ್ ಎಫ್-150 ಪಿಕಪ್ ಇದೆ, ಫೋರ್ ವೀಲ್ ಡ್ರೈವ್. ಸೆಕೆಂಡ್ ಹ್ಯಾಂಡ್ ಏಳೂವರೆ ಅಡಿ ಪ್ಲೋ (ಗಾಡಿ ಮುಂದೆ ಕಟ್ಟಿ ಸ್ನೋ ತಳ್ಳೋ ಬ್ಲೇಡ್) ಒಂದು ಸಿಗ್ತಿದೆ, ಆದ್ರೆ ಜೊತೆಗೆ ಕೊಡೋ ಮೌಂಟ್, ಅಂದ್ರೆ ಅದನ್ನ ಗಾಡಿ ಫ್ರೇಮಿಗೆ ಹಿಡಿಸೋ ಬ್ರಾಕೆಟ್, ಶೆವ್ರೊಲೆ ಸಿಲ್ವರಾಡೋ ಪಿಕಪ್‌ದು. ನಡೆಯತ್ತಾ? ಗ್ಯಾರೇಜಲ್ಲೇ ಹಾಕ್ಕೊಳ್ಳೋದಾ, ಅಂಗಡಿಗೆ ಕೊಡೋದಾ?

ಮಿಚಿಗನ್‌ನಿಂದ:
ಸಿಲ್ವರಾಡೋ ಮೌಂಟ್ ಫೋರ್ಡ್‌ಗೆ ಕೂರಲ್ಲ ಸಾರ್, ಅದಕ್ಕೆ ದುಡ್ಡು ಕೊಡ್ಬೇಡಿ. ಬ್ಲೇಡ್ ಅದೇ ಇದ್ರೂ ಮೌಂಟು, ವೈರಿಂಗು ಎರಡೂ ಗಾಡಿ ಮಾಡೆಲ್ಲು, ಇಸವಿ ನೋಡ್ಕೊಂಡು ಬೇರೆ ಬೇರೆ. ಅದಕ್ಕಿಂತ ಮುಂಚೆ ಡ್ರೈವರ್ ಡೋರ್ ತೆಗೆದ್ರೆ ಪಕ್ಕದಲ್ಲಿ ಸ್ಟಿಕರ್ ಕಾಣತ್ತಲ್ಲ, ಅದ್ರಲ್ಲಿ ಮುಂದಿನ ಆಕ್ಸಲ್ ಎಷ್ಟು ತಡೆಯತ್ತೆ ಅಂತ ಓದಿ, ಟ್ರಕ್ ಸ್ಟಾಪಲ್ಲಿ ತೂಕ ಹಾಕಿಸಿದ್ರೆ ಆ ಆಕ್ಸಲ್ ಮೇಲೆ ಈಗ ಎಷ್ಟಿದೆ ಅಂತ ಗೊತ್ತಾಗತ್ತೆ, ಇವೆರಡರ ಮಧ್ಯೆ ಉಳಿದಿದ್ದೇ ನಿಮ್ಮ ಕೈಯಲ್ಲಿರೋದು. ಪ್ಲೋ ಆಕ್ಸಲ್‌ಗಿಂತ ಮುಂದೆ ನೇತಾಡೋದ್ರಿಂದ ತನ್ನ ತೂಕಕ್ಕಿಂತ ಜಾಸ್ತಿ ಭಾರ ಅಲ್ಲಿ ಹಾಕತ್ತೆ, ಹಿಂದೆ ಗಾಡಿ ಎದ್ದೇಳತ್ತೆ. ಏಳೂವರೆ ಅಡೀಲೇ 400 ಪೌಂಡ್ ಆಸುಪಾಸಿಂದೂ ಇದೆ, 700 ಪೌಂಡಿಂದೂ ಇದೆ. ನಿಮಗೆ ಸಿಗ್ತಿರೋದು ಯಾವುದು ಅಂತ ಮೊದ್ಲು ಕೇಳಿ, 700ರದ್ದಾದ್ರೆ ಆಸೆ ಬಿಟ್ಬಿಡಿ. ಪ್ಲೋ ಮಾಡೋ ವೆಸ್ಟರ್ನ್, ಫಿಶರ್, ಬಾಸ್ ಎಲ್ಲರ ವೆಬ್‌ಸೈಟಲ್ಲೂ ಗಾಡಿ ವಿವರ ಹಾಕಿದ್ರೆ ಯಾವುದು ಹೊಂದತ್ತೆ ಅಂತ ಬರತ್ತೆ. ಹಿಂದೆ ಏಳದಂಗೆ ಮರಳು ಮೂಟೆ ಹಿಂದಿನ ಆಕ್ಸಲ್ ದಾಟಿ ಟೇಲ್‌ಗೇಟ್ ಕಡೆ ಇಟ್ಟು ಕಟ್ಟಿ.

ಮಿನ್ನೆಸೋಟದಿಂದ:
ಮನ್ಯಾಗ ಹಾಕ್ಕೋಬಹುದ್ರೀ, ಇಬ್ಬರು ಬೇಕು ಅಷ್ಟ. ಕೆಳಗಿನ ಪ್ಲಾಸ್ಟಿಕ್ ಬಿಚ್ಚಬೇಕಾಗ್ತದ, ಕೆಲವು ಗಾಡ್ಯಾಗ ಟೋ ಹುಕ್ಕೂ ತಗೀಬೇಕು. ಬ್ರಾಕೆಟ್ ಕೈಲೆ ಎತ್ತಾಕ ಹೋಗಬ್ಯಾಡ್ರಿ, ಫ್ಲೋರ್ ಜ್ಯಾಕ್ ಮ್ಯಾಲೆ ಇಟ್ಟು ಏರಿಸ್ರಿ, ತೂತು ಕೂಡಲಿಲ್ಲಂದ್ರ ಉದ್ದನ ಸ್ಕ್ರೂಡ್ರೈವರ್ ತೂರಿಸಿ ಹೊಂದಿಸ್ಕೋರಿ, ಎಲ್ಲಾ ಬೋಲ್ಟೂ ಸಡಿಲ ಹಾಕಿದ ಮ್ಯಾಲೇನ ಟಾರ್ಕ್ ರೆಂಚ್ (ಎಷ್ಟು ಬಿಗಿ ಆತು ಅಂತ ತೋರಸೋ ಪಾನಾ) ಹಚ್ಚೋದು. ಒಂದನ್ನ ಮೊದಲ ಬಿಗಿ ಮಾಡಿದ್ರ ಉಳದದ್ದು ಕೂಡಂಗಿಲ್ಲ. ಕಿಟ್‌ನ್ಯಾಗ ಬಂದ ಬೋಲ್ಟ್ ಬಿಟ್ಟು ಬ್ಯಾರೇದ್ದು ಹಾಕಬ್ಯಾಡ್ರಿ, ಒಂದು ಕಳದ್ರ ಅದರ ತಲಿ ಮ್ಯಾಲಿನ ಗುರ್ತು ನೋಡಿ ಅದ ಗ್ರೇಡ್ ತರ್ರಿ, ಗ್ರೇಡ್ 8ಕ್ಕ ಆರು ಗೀರು ಇರ್ತಾವ. ಫ್ರೇಮಿಗೆ ವೆಲ್ಡಿಂಗ್ ಅಂತೂ ಬ್ಯಾಡs ಬ್ಯಾಡ. ಮೊದಲ ಸಲ ಸ್ನೋ ತಳ್ಳಿ ಬಂದ ಮ್ಯಾಲೆ ಮತ್ತ ಒಮ್ಮೆ ಟಾರ್ಕ್ ನೋಡ್ರಿ.

ಟೊರಾಂಟೊದಿಂದ:
ಕಬ್ಬಿಣದ ಕೆಲ್ಸ ಮಿನ್ನೆಸೋಟದ ಅಣ್ಣ ಹೇಳಿದಂಗೇ, ಜೀವ ತಿನ್ನೋದು ವೈರಿಂಗು. ಪ್ಲೋ ಎತ್ತಿದಾಗ ಗಾಡಿ ಹೆಡ್‌ಲೈಟ್ ಮರೆಯಾಗೋದ್ರಿಂದ ಪ್ಲೋಗೇ ಬೇರೆ ಲೈಟ್ ಇರತ್ತೆ, ಅದನ್ನ ನಿಮ್ಮ ಲೈಟಿಗೆ ಜೋಡಿಸೋ ಮಾಡ್ಯೂಲ್ ಹ್ಯಾಲೊಜನ್ನಾ ಎಲ್‌ಇಡಿನಾ ನೋಡಿ ತಗೋಬೇಕು, ಸಿಕ್ಕಿದ ವೈರ್ ಕತ್ತರಿಸಿ ಟೇಪ್ ಸುತ್ತೋ ಕೆಲ್ಸ ಬೇಡ. ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಕೂತ್ಕೊಳ್ಳಿ. ನಂದು ಅಂಗಡೀಲಿ ಹಾಕ್ಸಿದ್ದು, ಪುಣ್ಯಾತ್ಮರು ಪ್ಲಗ್ಗಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ಪ್ಲಗ್ ಒಳಗೆ ನೀರು ಬಿಡದ ಗ್ರೀಸ್) ಹಚ್ಚಿರ್ಲಿಲ್ಲ, ರಸ್ತೆ ಉಪ್ಪು ತಿಂದು ಪಿನ್ನೆಲ್ಲ ಹಸಿರು, ಬ್ಲೇಡ್ ಎಡಕ್ಕೆ ಮಾತ್ರ ತಿರುಗ್ತಿತ್ತು. ಇನ್ನೊಂದು, ಮುಂದೆ ಕ್ರೂಸ್ ಕಂಟ್ರೋಲ್ ರೇಡಾರ್ (ಮುಂದಿನ ಗಾಡಿ ಎಷ್ಟು ದೂರ ಅಂತ ನೋಡೋದು) ಇದ್ರೆ ಪ್ಲೋ ಅಡ್ಡ ಬಂದು ಡ್ಯಾಶ್‌ಬೋರ್ಡಲ್ಲಿ ವಾರ್ನಿಂಗ್ ಬರಬಹುದು. ಪಕ್ಕದ್ಮನೆಯವರದ್ದೂ ದುಡ್ಡಿಗೆ ತಳ್ಳೋ ಯೋಚನೆ ಇದ್ರೆ ಇನ್ಶೂರೆನ್ಸ್‌ನವರಿಗೆ ಮೊದ್ಲೇ ಫೋನ್ ಮಾಡಿ, ಮನೆ ಗಾಡಿ ಪಾಲಿಸೀಲಿ ಸಾಮಾನ್ಯವಾಗಿ ಅದು ಬರಲ್ಲ.